ಡಬ್ಬಿಯಲ್ಲಿದ್ದ ತಾಳಿ

ಕೋಗಿಲಿನ ನಮ್ಮ ಬೀದಿಯಲ್ಲೇ ಅಕ್ಕ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಳು. ಭಾವ ತೀರಿಕೊಂಡ ಮೇಲೆ ಅವಳಿಗೆ ಅದೇ ಆಸರೆ. ಯಲಹಂಕದಲ್ಲಿ ಇನ್ನೊಂದು ಅಂಗಡಿ ತೆಗೆಯಲು ಮಾಡಿದ ಸಾಲ ಅವಳನ್ನು ನುಂಗಿತು. ವಸೂಲಿಯವರು ಗಿರಾಕಿಗಳ ಎದುರೇ ಬಾಯಿಗೆ ಬಂದಂತೆ ಬೈಯತೊಡಗಿದಾಗ, ಬೇರೆ ದಾರಿ ಕಾಣದೆ ದಿವಾಳಿ ಅರ್ಜಿ ಹಾಕಲು ಒಪ್ಪಿದಳು.

ಹೆಬ್ಬಾಳದ ವಕೀಲರ ಬಳಿಗೆ ಅವಳ ಜೊತೆ ನಾನು ಹೋಗಿದ್ದೆ. ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಅವಳೇ ಕೂತು ಹೊಲಿಯುವ ಮಿಷನ್ನು ಅವಳಿಗೇ ಉಳಿಯುತ್ತವೆ, ಮಿಕ್ಕ ಮಿಷನ್ನುಗಳು, ಸ್ಕೂಟರ್, ಒಡವೆ ಕೋರ್ಟಿನ ಕೈಗೆ ಹೋಗುತ್ತವೆ ಎಂದರು.

“ತಾಳಿ?” ಅಕ್ಕ ಕೇಳಿದಳು.

ಅವರು ಅವಳ ಬರಿಗೊರಳು ನೋಡಿ ತಡವರಿಸಿದರು. “ಹೆಂಗಸ್ರು ಕತ್ತಿಂದ ತೆಗೀಬಾರ್ದು ಅಂತ ಸಂಪ್ರದಾಯ ಇರೋ ಒಡವೆ ಮುಟ್ಟಲ್ಲಮ್ಮ. ನಿಮ್ದು ಡಬ್ಬೀಲಿದೆ ಅಂದ್ರೆ ಬರೀ ಚಿನ್ನ. ಬಚ್ಚಿಡೋಕ್ ಮಾತ್ರ ಹೋಗ್ಬೇಡಿ, ಗೊತ್ತಾದ್ರೆ ಕೇಸೇ ಹಾಳಾಗುತ್ತೆ.”

ಮನೆಗೆ ಬಂದು ಹೇಳಿದಾಗ ಅಮ್ಮ ಎದ್ದು ಹೋಗಿ ಡಬ್ಬಿ ತಂದಳು.

“ಕತ್ತಿಗ್ ಆಕ್ಕೊ. ಅದ್ಯಾವನು ಮುಟ್ತಾನೋ ನೋಡ್ತೀನಿ.”

“ಅವತ್ತು ಬಿಚ್ಚು ಅಂದಿದ್ದು ನೀನೇ ಅಲ್ವಾಮ್ಮ?” ಅಕ್ಕ ಕೇಳಿದಳು.

“ಅವತ್ ಅಂಗಂದೆ, ಇವತ್ ಇಂಗಂತೀನಿ. ಆಕ್ಕೊ.”

ಕೋರ್ಟು ನೇಮಿಸಿದ ಅಧಿಕಾರಿ ಮನೆ ನೋಡಲು ಬಂದ ದಿನ ಅಕ್ಕ ತಾಳಿ ಹಾಕಿಕೊಂಡೇ ಬಾಗಿಲು ತೆರೆದಳು. ಹಾರ ಹಾಕಿದ್ದ ಭಾವನ ಫೋಟೋವನ್ನು ಅಮ್ಮ ಗೋಡೆಯಿಂದ ಇಳಿಸಿ ಬೀರುವಿನ ಹಿಂದೆ ಸರಿಸಿದ್ದಳು. ಅಧಿಕಾರಿ ಒಳ್ಳೆಯ ಮನುಷ್ಯ. ನೀರು ಕೇಳಿ ಕುಡಿದು, ಒಂದೊಂದೇ ಸಾಮಾನು ಬರೆದುಕೊಂಡರು. ಕೊನೆಗೆ ಅಕ್ಕನ ಕತ್ತು ನೋಡಿ, “ತಾಳಿ ಇರ್ಲಿ, ಅದನ್ನ ಸೇರಿಸಲ್ಲ. ಯಜಮಾನ್ರು ಎಲ್ಲಿ ಕೆಲ್ಸ ಮಾಡ್ತಾರೆ?” ಎಂದರು.

“ಮಾಕಳೀಲಿ, ಫ್ಯಾಕ್ಟ್ರೀಲಿ,” ಅಮ್ಮ ಥಟ್ಟನೆ ಹೇಳಿದಳು.



“ಇಲ್ಲ ಸಾರ್,” ಅಕ್ಕ ಹೇಳಿದಳು. “ತೀರ್ಕೊಂಡ್ರು.”

ಅವರ ಕೈಯ ಪೆನ್ನು ನಿಂತಿತು. ಅಕ್ಕ ಕತ್ತಿನಿಂದ ಸರ ತೆಗೆದು, ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟಳು. ಭಾವ ಹೋದಾಗ ಅದನ್ನು ಬೇರೆಯವರು ಬಿಚ್ಚಿದ್ದರು. ಅಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುತ್ತಿದ್ದುದು ನಮಗೆಲ್ಲ ಕೇಳಿಸುತ್ತಿತ್ತು. ಅಧಿಕಾರಿ ಯಾರ ಮುಖವನ್ನೂ ನೋಡದೆ ರಸೀದಿ ಬರೆದುಕೊಟ್ಟರು.

“ಸುಮ್ನಿದ್ದಿದ್ರೆ ಉಳೀತಿತ್ತಲ್ಲಕ್ಕ,” ಅವರು ಹೋದ ಮೇಲೆ ನಾನು ಅಂದೆ.

“ಫ್ಯಾಕ್ಟ್ರಿಗೆ ಹೋಗಿದಾರೆ ಅಂತ ಅಮ್ಮ ಹೇಳಿದ ತಕ್ಷಣ, ಸಾಯಂಕಾಲ ಬರ್ತಾರೇನೋ ಅನ್ನಿಸ್ಬಿಡ್ತು ಕಣೇ. ತಡ್ಕೊಳೋಕಾಗ್ಲಿಲ್ಲ.”

ತಾಳಿ ಮಾರಾಟವಾಯಿತು. ವಸೂಲಿಯವರ ಕಾಟ ನಿಂತಿತು. ಕೇಸು ಇನ್ನೂ ನಡೆಯುತ್ತಿದೆ. ಅಕ್ಕ ಈಗ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಯುತ್ತಾಳೆ. ಈಗಲೂ ಯಾರಾದರೂ ಬಾಗಿಲು ತಟ್ಟಿದರೆ, ವಸೂಲಿಯವರೇನೋ ಎಂದು ಕೆಲಸ ನಿಲ್ಲಿಸುತ್ತಾಳೆ; ಅದು ಗಿರಾಕಿಯೇ ಎಂದು ಖಾತ್ರಿಯಾಗುವವರೆಗೂ ಮತ್ತೆ ಮಿಷನ್ನು ತುಳಿಯುವುದಿಲ್ಲ.