ತಾತನಿಗೆ ಎದ್ದು ನಿಂತ ಕೆಂಪಿ

ಗೆಳತಿಯರೇ, ಮೇಷ್ಟರಾದ ನನ್ನವರು ಪಾಠ ಹೇಳುವ ಚೆಂದ ನೋಡಲು ಇವತ್ತು ಬಿಳಿಕೆರೆ ದಾಟಿ ಅವರ ಶಾಲೆಗೇ ಹೋಗಿದ್ದೆ, ಮದುವೆಯ ಸೀರೆ ಉಟ್ಟುಕೊಂಡು! ಹಿರಿಯರು ಬಂದರೆ ಎದ್ದು ನಿಲ್ಲಬೇಕು ಎಂಬ ಪಾಠ ನಡೆದಿತ್ತು. ಆಗಲೇ ಒಬ್ಬ ಮುದುಕ ಮೇಷ್ಟರಿಗೆಂದು ಅವರೆಕಾಯಿ ತಂದು, ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಾಚೆ ನಿಂತ. ಅವನ ಮೊಮ್ಮಗಳು ಕೆಂಪಿ ತಟ್ಟನೆ ಎದ್ದಳು. ಇವರ ಬೆತ್ತ ಅವಳ ಅಂಗೈ ಮೇಲೆ ಬಿತ್ತು.

"ಕೂತ್ಕೊಳ್ಳೇ! ಎದ್ದು ನಿಲ್ಲೋದು ಅಮಲ್ದಾರರು, ಶಾನುಭೋಗರು ಬಂದಾಗ!"

"ನಮ್ ತಾತ್ನೂ ದೊಡ್ಡೋರಲ್ವಾ ಸ್ವಾಮಿ?"

ಇನ್ನೊಂದು ಏಟು.

ಮುದುಕನೇ ಕೈಮುಗಿದ. "ಒಡೀರಿ ಬುದ್ಧಿ. ನನ್ಗೆಲ್ಲ ಎದ್ದು ನಿಂತ್ರೆ ನಾಳೆ ಎಂಗೆ ಬಾಳ್ತಾಳೆ? ಇಸ್ಕೂಲು ಮಾತ್ರ ಬುಡಿಸ್ಬೇಡಿ."

ಕಾನ್ವೆಂಟಿನಲ್ಲಿ ನಮಗೆ ಎದ್ದು ನಿಲ್ಲುವುದನ್ನಷ್ಟೇ ಕಲಿಸಿದ್ದರು. ಯಾರಿಗೆ ನಿಲ್ಲಬಾರದು ಎಂದು ಕಲಿಯಲು ನಾನು ಮೇಷ್ಟರನ್ನೇ ಮದುವೆಯಾಗಬೇಕಾಯಿತು.