ಚೆಂಡು ಯಾರ ಕೈಲಿದೆಯೋ ಅವರ ಹೆಸರು

ಡೋರ್ಸಿ ಕಾಲೇಜಿನ ಫುಟ್‌ಬಾಲ್ ಕೋಚ್ ಡ್ವೇನ್ ಸೆಡ್ಲಾಚೆಕ್‌ಗೆ ಈ ಜನ್ಮದಲ್ಲಿ ಕೆಟ್ಟ ತಂಡ ಅನ್ನುವುದೇ ಸಿಕ್ಕಿಲ್ಲ. ಆಗಸ್ಟಿನಲ್ಲಿ ಹುಡುಗರು ಮೊದಲ ದಿನ ಮೈದಾನಕ್ಕೆ ಇಳಿದಾಗ "ಇಂಥಾ ಹುಡುಗ್ರು ನನಗೆ ಯಾವತ್ತೂ ಸಿಕ್ಕಿರ್ಲಿಲ್ಲ" ಅನ್ನುತ್ತಾನೆ. ನವೆಂಬರಿನಲ್ಲಿ ಅದೇ ಹುಡುಗರು ಸೋತು ಸುಣ್ಣವಾಗಿ ಬಸ್ಸಿನಿಂದ ಇಳಿದಾಗಲೂ ಅದೇ ಮಾತು. ವಿಚಿತ್ರವೆಂದರೆ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಊರಿನವರೆಲ್ಲ ಅವನನ್ನು ಕೋಚ್ ಅಂತಲೇ ಕರೆಯುತ್ತಾರೆ, ಹೆಂಡತಿಯೂ ಸೇರಿ.

ಅವನ ಈ ಉತ್ಸಾಹವನ್ನು ನೆಬ್ರಾಸ್ಕಾದ ಆ ಮೂಲೆಯ ಮನೆಮನೆಗೂ ಹೊಲಹೊಲಕ್ಕೂ ಮುಟ್ಟಿಸುವ ಕೆಲಸ ಮಾರ್ಲೀನ್ ಪೆಟ್ಸ್ಕಾಳದು. ಡೋರ್ಸಿ ರೇಡಿಯೋ ಅಂದರೆ ಮಾರ್ಲೀನ್, ಮಾರ್ಲೀನ್ ಅಂದರೆ ಡೋರ್ಸಿ ರೇಡಿಯೋ. ಬೆಳಿಗ್ಗೆ ಮೆಕ್ಕೆಜೋಳ, ಸೋಯಾ, ಹಂದಿಗಳ ಧಾರಣೆ ಓದುತ್ತಾಳೆ. ಆಮೇಲೆ ಯಾರು ತೀರಿಕೊಂಡರು, ಮಣ್ಣು ಎಷ್ಟು ಹೊತ್ತಿಗೆ ಅನ್ನುವುದು. ಗುರುವಾರ ಸಂಜೆ ಕೋಚ್ ಜೊತೆ ಹರಟೆ, ಶನಿವಾರ ಮೈದಾನದ ಮೇಲೆ ಹಲಗೆ ಹೊಡೆದು ಕಟ್ಟಿದ ಗೂಡಿನಲ್ಲಿ ಕೂತು ಆಟದ ವೀಕ್ಷಕ ವಿವರಣೆ. ಆಟ ಅಂದರೆ ಅಮೆರಿಕದ ಫುಟ್‌ಬಾಲು, ಚೆಂಡನ್ನು ಕಾಲಲ್ಲಿ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು.

ಆ ಗೂಡಿನಲ್ಲಿ ಅವಳಿಗಿಂತ ಮುಂಚೆ ಕೂರುತ್ತಿದ್ದವನು ಅವಳ ಅಪ್ಪ. ಮಗಳಿಗೆ ಮೈಕು ಕೊಡುವಾಗ ಅವನು ಹೇಳಿಕೊಟ್ಟದ್ದು ಒಂದೇ ಪಾಠ: ಚೆಂಡು ಯಾರ ಕೈಲಿದೆಯೋ ಅವರ ಹೆಸರು ಹೇಳು, ಅವನನ್ನು ಕೆಡವಿದವನ ಹೆಸರು ಹೇಳು, ಉಳಿದದ್ದೆಲ್ಲ ಹರಟೆ. ಕಟಾವು ಯಂತ್ರದ ಮೇಲೆ ಕೂತು ಕೇಳುವವನಿಗೆ ಮೈದಾನ ಕಾಣುವುದಿಲ್ಲ, ಚೆಂಡು ಎಲ್ಲಿದೆ ಅಂತ ಗೊತ್ತಾದರೆ ಅವನಿಗೆ ಎಲ್ಲ ಗೊತ್ತಾದಂತೆ. ಮಾರ್ಲೀನ್ ಈ ಪಾಠವನ್ನು ದೇವರ ಮಾತಿನಂತೆ ಪಾಲಿಸಿಕೊಂಡು ಬಂದಿದ್ದಳು. ಸ್ವಂತ ಅಕ್ಕನ ಮಗ ಆಡುವಾಗಲೂ ಚೆಂಡು ಅವನ ಕೈಗೆ ಬರುವ ತನಕ ಬಾಯಿ ಬಿಟ್ಟಿರಲಿಲ್ಲ. ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಗುರುವಾರದ ಹರಟೆ ನಡೆಯುವುದು ಮುಖ್ಯ ಬೀದಿಯ ಹೋಟೆಲಿನಲ್ಲಿ. ಅವತ್ತು ಅಲ್ಲಿ ಕೆಂಪು ಬೀನ್ಸಿನ ಖಾರದ ಸಾರು, ಪಕ್ಕಕ್ಕೆ ಚಕ್ಕೆಪುಡಿ ಹಾಕಿದ ದೊಡ್ಡ ಸಿಹಿ ಬನ್ನು. ಊರಿಗೆ ಊರೇ ಬಂದು ಕೂರುತ್ತದೆ. ಕಿಟಕಿ ಪಕ್ಕದ ಮೇಜಿನ ಮೇಲೆ ಮೈಕು, ಒಂದು ಕಡೆ ಕೋಚ್, ಎದುರಿಗೆ ಮಾರ್ಲೀನ್. ಕೋಚ್‌ಗೆ ಆಟದ ಗುಟ್ಟು ಬಾಯಲ್ಲಿ ನಿಲ್ಲುವುದಿಲ್ಲ ಅಂತ ಗೊತ್ತಿದ್ದರಿಂದ ಇಬ್ಬರಲ್ಲೂ ಒಂದು ಒಪ್ಪಂದವಿತ್ತು. ಅವನು ಹದ ತಪ್ಪುತ್ತಿದ್ದಾನೆ ಅನ್ನಿಸಿದ ತಕ್ಷಣ ಅವಳು ಮೇಜಿನಡಿ ಅವನ ಎಡಗಾಲಿನ ಬೂಟಿಗೆ ಒಂದು ಒದೆ ಕೊಡುತ್ತಿದ್ದಳು. ಹೇಳಲೇಬೇಕು ಅನ್ನಿಸಿದ್ದನ್ನು ಕೋಚ್ ಆಗ ಬಾಯಿ ಮುಚ್ಚಿಕೊಂಡು ಉಪ್ಪಿನ ಡಬ್ಬಿ, ಸಾಸಿನ ಬಾಟಲಿ, ಬನ್ನುಗಳನ್ನು ಮೇಜಿನ ಮೇಲೆ ಆಚೀಚೆ ಸರಿಸಿ ತೋರಿಸುತ್ತಿದ್ದ. ಹೋಟೆಲಿನವರು ನೋಡಿ ಖುಷಿಪಡುತ್ತಿದ್ದರು, ರೇಡಿಯೋದಲ್ಲಿ ಡಬ್ಬಿ ಸರಿದ ಸದ್ದು ಮಾತ್ರ ಕೇಳಿಸುತ್ತಿತ್ತು. ಎದುರಾಳಿಗಳಿಗೆ ಅದರಿಂದ ಏನೂ ಗಿಟ್ಟುತ್ತಿರಲಿಲ್ಲ.

ಆ ಶನಿವಾರ ಪಕ್ಕದೂರಿನ ಸೇಂಟ್ ವೆಂಡೆಲಿನ್ ಕಾಲೇಜಿನ ಮೇಲೆ ಆಟ. ವರ್ಷದ ಕೊನೆಯದು. ಸೇಂಟ್ ವೆಂಡೆಲಿನ್‌ನವರನ್ನು ಸೋಲಿಸಿ ಡೋರ್ಸಿಯವರು ಎಷ್ಟೋ ಕಾಲವಾಗಿತ್ತು. ಆದರೆ ಆ ಗುರುವಾರ ಹೋಟೆಲಿನಲ್ಲಿ ಎದ್ದ ಪ್ರಶ್ನೆಯೇ ಬೇರೆ. ಎತ್ತಿದವಳು ಆಗ್ನೆಸ್ ಕ್ರಾಲ್.

ಆಗ್ನೆಸ್ ಒಂದು ಕಾಲದಲ್ಲಿ ಊರಿನ ಶಾಲೆಯ ಟೀಚರು. ಕೋಚ್‌ಗೂ ಮಾರ್ಲೀನ್‌ಗೂ ಮಗ್ಗಿ ಕಲಿಸಿದವಳು ಅವಳೇ. ಈಗ ಕಣ್ಣು ಪೂರ್ತಿ ಹೋಗಿದೆ, ಕಿವಿ ಮಾತ್ರ ಇಲಿ ನಡೆದರೂ ಕೇಳುವಷ್ಟು ಚುರುಕು. ವೃದ್ಧರ ಮನೆಯ ಬಸ್ಸಿನಲ್ಲಿ ಪ್ರತಿ ಗುರುವಾರ ಬಂದು ಸಾರು ಕುಡಿದು ಹೋಗುತ್ತಾಳೆ. ಅವಳ ಮೊಮ್ಮಗ ವೆಸ್ಲಿ ಕ್ರಾಲ್ ಡೋರ್ಸಿ ತಂಡದ ಎಪ್ಪತ್ತನಾಲ್ಕನೇ ನಂಬರು, ಮುಂದಿನ ಸಾಲಿನ ಆಳು. ಬಾಗಿಲಿಗೆ ಅಡ್ಡ ನಿಂತರೆ ಕೋಣೆ ಕತ್ತಲಾಗುವಂಥ ಮೈಕಟ್ಟು. ಎದುರಿಗಿದ್ದವರನ್ನು ಎದೆಕೊಟ್ಟು ತಳ್ಳುವುದು, ಚೆಂಡು ಹಿಡಿದು ಓಡುವವನಿಗೆ ದಾರಿ ಮಾಡಿಕೊಡುವುದು, ಅಷ್ಟೇ ಅವನ ಆಟ. ಚೆಂಡು ಮುಟ್ಟುವುದು ಅವನ ಪಾಲಿಗೆ ಬಂದ ಕೆಲಸವಲ್ಲ.

ಆಗ್ನೆಸ್ ಮೈಕು ಕೇಳಿ ಪಡೆದಳು.

"ಡ್ವೇನ್, ಒಂದು ಮಾತು ಕೇಳ್ಬೇಕಿತ್ತು. ನನ್ನ ಮೊಮ್ಮಗ ನಿನ್ನ ತಂಡದಲ್ಲಿ ಆಡ್ತಾನೋ ಇಲ್ವೋ?"

ಹೋಟೆಲು ಗೊಳ್ಳೆಂದು ನಕ್ಕಿತು.

"ಏನ್ ಹೀಗ್ ಕೇಳ್ತೀರಿ, ಮಿಸೆಸ್ ಕ್ರಾಲ್? ಅಂಥಾ ಆಟಗಾರ ನನಗೆ ಯಾವತ್ತೂ..."

"ಸಿಕ್ಕಿರ್ಲಿಲ್ಲ. ಗೊತ್ತು, ಎಲ್ಲರಿಗೂ ಅದನ್ನೇ ಹೇಳ್ತೀಯ. ನಾಲ್ಕು ವರ್ಷದಿಂದ ರೇಡಿಯೋನ ಕಿವಿಗೆ ಒತ್ಕೊಂಡು ಕೂತಿದೀನಿ ಕಣೋ. ಒಂದ್ಸಲ ಆದ್ರೂ ಅವನ ಹೆಸರು ಬಂದಿದ್ರೆ ಕೇಳು. ಪಕ್ಕದ ರೂಮಿನ ಡೊರೊತಿ ಏನಂತಾಳೆ ಗೊತ್ತಾ? ನಿನ್ನ ಮೊಮ್ಮಗ ಅಲ್ಲಿ ನೀರು ಹೊತ್ಕೊಡೋ ಕೆಲಸ ಮಾಡ್ತಾನಾ ಅಂತ ಕೇಳ್ತಾಳೆ."

ಮಾರ್ಲೀನ್ ಮುಖ ಕೆಂಪಾಯಿತು. ಇದು ತನಗೆ ಬಿದ್ದ ಏಟು ಅಂತ ಅವಳಿಗೆ ಗೊತ್ತಾಯಿತು. "ಅದು ನನ್ನ ತಪ್ಪು, ಮಿಸೆಸ್ ಕ್ರಾಲ್. ಈ ಶನಿವಾರ ಖಂಡಿತ ಹೇಳ್ತೀನಿ."

"ಬೇಡ ಕಣೇ. ಸುಮ್ನೆ ಸೇರಿಸಿ ಹೇಳಿದ್ರೆ ನನಗೆ ಗೊತ್ತಾಗಲ್ವಾ? ನಿಮ್ಮಪ್ಪನ ಕಾಲದಿಂದ ಕೇಳ್ತಾ ಬಂದಿರೋಳು ನಾನು. ಅವನ ಕೈಲಿ ಚೆಂಡಿದ್ರೆ ಹೇಳು, ಇಲ್ದಿದ್ರೆ ಬಿಡು. ಶನಿವಾರ ಅವನ ಕೊನೇ ಆಟ, ಅದಕ್ಕೇ ಕೇಳ್ದೆ ಅಷ್ಟೇ."

ಕೋಚ್‌ಗೆ ಇಷ್ಟು ಸಾಕಾಯಿತು. ದಡಕ್ಕನೆ ಎದ್ದು ನಿಂತ. ಉಪ್ಪಿನ ಡಬ್ಬಿಗೆ ಕೈ ಹಾಕಿದವನು ಆಗ್ನೆಸ್ಸಳ ಮುಚ್ಚಿದ ಕಣ್ಣು ನೋಡಿ ಡಬ್ಬಿಯನ್ನು ಅಲ್ಲೇ ಬಿಟ್ಟ. ಡಬ್ಬಿ ಸರಿಸಿದರೆ ಆಕೆಗೆ ಏನು ತಿಳಿಯಬೇಕು? ಹಾಗಾಗಿ ಎಲ್ಲವನ್ನೂ ಬಾಯಿಬಿಟ್ಟು ಹೇಳತೊಡಗಿದ.

"ಮಿಸೆಸ್ ಕ್ರಾಲ್, ಶನಿವಾರ ಕಿವಿ ನೆಟ್ಟಗೆ ಇಟ್ಕೊಂಡಿರಿ. ನಾವು ಅವರ ಕೊನೇ ಗೆರೆ ಹತ್ರ ಬಂದ್ವಿ ಅಂತಿಟ್ಕೊಳಿ. ಆಗ ನಿಮ್ಮ ವೆಸ್ಲಿ ಮುಂದಿನ ಸಾಲಲ್ಲಿ ಇರಲ್ಲ. ಹಿಂದೆ ಬಂದು ನಿಂತಿರ್ತಾನೆ! ನಮ್ಮ ಟ್ರಾವಿಸ್ ಚೆಂಡು ತಗೊಂಡು ತಿರುಗಿ ಅವನ ಹೊಟ್ಟೆಗೆ ಇಡ್ತಾನೆ. ಎಡಗಡೆ! ಆಮೇಲೆ ಆ ಗೂಳೀನ ತಡಿಯೋರು ಯಾರಿದಾರೆ?"

ಮಾರ್ಲೀನ್ ಮೇಜಿನಡಿ ಬಲವಾಗಿಯೇ ಒದ್ದಳು. ಆದರೆ ಕೋಚ್ ಎದ್ದು ನಿಂತಿದ್ದ, ಬೂಟು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಒದೆ ಮೇಜಿನ ಕಾಲಿಗೆ ಬಿದ್ದು ಸಾರಿನ ಬಟ್ಟಲು ಅವಳ ಮಡಿಲಿಗೇ ಮಗುಚಿತು. ಕೋಚ್ ನಿಧಾನವಾಗಿ ಮೈಕಿನ ಕಡೆ ತಿರುಗಿದ.

"ಇದು ಪ್ರಸಾರ ಆಗ್ತಿದೆಯಾ?"

"ಇಷ್ಟು ವರ್ಷದಿಂದ ಆಗ್ತಾನೇ ಇದೆ, ಕೋಚ್," ಅಂದಳು ಮಾರ್ಲೀನ್, ಲಂಗದ ಮೇಲಿನ ಬೀನ್ಸು ಹೆಕ್ಕುತ್ತಾ.

ಸೇಂಟ್ ವೆಂಡೆಲಿನ್ ಊರಿನಲ್ಲಿ ಗುರುವಾರ ಸಂಜೆ ಡೋರ್ಸಿ ರೇಡಿಯೋ ಕೇಳದ ಮನೆ ಇಲ್ಲ. ಆ ಭಾಗದಲ್ಲಿ ಅದಕ್ಕಿಂತ ನಗಿಸುವ ಕಾರ್ಯಕ್ರಮ ಇನ್ನೊಂದಿಲ್ಲ. ಮರುದಿನ ಬೆಳಿಗ್ಗೆ ಅವರ ಕೋಚ್ ಫೋನು ಮಾಡಿ "ತುಂಬಾ ಉಪಕಾರ ಆಯ್ತು ಕಣಪ್ಪಾ. ನೀನು ಇಷ್ಟು ಕಷ್ಟಪಟ್ಟು ಹೇಳ್ಕೊಟ್ಟಿದೀಯ, ನಾವು ಕಲೀದೆ ಇರ್ತೀವಾ?" ಅಂದನಂತೆ.

ಶುಕ್ರವಾರ ಮಧ್ಯಾಹ್ನ ಕೋಚ್ ರೇಡಿಯೋ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದ.

"ನಾನೇ ಹೇಳ್ಬಿಡ್ತೀನಿ ಬಿಡು," ಅಂದಳು ಮಾರ್ಲೀನ್. "ಎಲ್ಲರೂ ಒಬ್ಬರ ಮೇಲೊಬ್ಬರು ಗುಂಪಾಗಿ ಬಿದ್ದಾಗ, ಅಡಿಯಲ್ಲೆಲ್ಲೋ ವೆಸ್ಲಿ ಕೈಲಿ ಚೆಂಡಿತ್ತು ಅಂತ. ಯಾರಿಗೆ ಗೊತ್ತಾಗುತ್ತೆ?"

"ಆಗ್ನೆಸ್ ಟೀಚರಿಗೆ."

ಅದು ನಿಜವೇ ಆಗಿತ್ತು. ಅಪ್ಪನ ಪಾಠ ಮುರಿಯಬೇಕಾಗಿ ಬರಲಿಲ್ಲವಲ್ಲ ಅಂತ ಮಾರ್ಲೀನ್‌ಗೆ ಒಳಗೊಳಗೇ ಸಮಾಧಾನವೂ ಆಯಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಅದೇ ಆಟ ಆಡಿಸ್ತೀನಿ," ಅಂದ ಕೋಚ್ ಎದ್ದು ಟೋಪಿ ಹಾಕಿಕೊಳ್ಳುತ್ತಾ. "ಮಾತು ಕೊಟ್ಟಾಗಿದೆ."

"ಅವರಿಗೆಲ್ಲ ಗೊತ್ತಿದೆಯಲ್ಲೋ!"

"ಗೊತ್ತಿರ್ಲಿ. ವೆಸ್ಲಿ ಎಷ್ಟು ದಪ್ಪ ಅಂತ ಗೊತ್ತಿಲ್ವಲ್ಲ."

ಶನಿವಾರ ಬಿಸಿಲಿತ್ತು, ಗಾಳಿ ಮಾತ್ರ ಮೂಗು ಕೊಯ್ಯುವಂತಿತ್ತು. ಆ ಚಳಿಯಲ್ಲಿ ಆಗ್ನೆಸ್ಸಳನ್ನು ಹೊರಗೆ ಕರೆತರುವ ಹಾಗಿರಲಿಲ್ಲ. ಡೊರೊತಿಯೂ ಅವಳ ಕೋಣೆಗೇ ಬಂದು ರೇಡಿಯೋ ಮುಂದೆ ಕೂತಿದ್ದಾಳೆ ಅಂತ ವೃದ್ಧರ ಮನೆಯಿಂದ ಸುದ್ದಿ ಬಂತು. ಮಾರ್ಲೀನ್ ಗೂಡಿನಲ್ಲಿ ಕಂಬಳಿ ಹೊದ್ದು ಕೂತು ಚೆಂಡಿನ ಹಿಂದೆ ಹೋದಳು. ಆಟ ಹಗ್ಗ ಜಗ್ಗಿದಂತೆ ನಡೆಯಿತು. ಕೊನೆಯ ಭಾಗದಲ್ಲಿ ಡೋರ್ಸಿಯವರು ನಾಲ್ಕು ಅಂಕ ಹಿಂದಿದ್ದಾಗ ಅವರ ಹುಡುಗರು ತಳ್ಳಿಕೊಂಡು ತಳ್ಳಿಕೊಂಡು ಎದುರಾಳಿಗಳ ಕೊನೆಯ ಗೆರೆಯ ಹತ್ತಿರ ಬಂದರು. ಚೆಂಡು ಹಿಡಿದು ಅದನ್ನು ದಾಟಿದರೆ ಆರು ಅಂಕ.

ಕೋಚ್ ಕೈ ಎತ್ತಿದ. ವೆಸ್ಲಿ ಕ್ರಾಲ್ ಮುಂದಿನ ಸಾಲು ಬಿಟ್ಟು ಹಿಂದಕ್ಕೆ ನಡೆದ. ಅವನು ಹೆಜ್ಜೆ ಇಟ್ಟಿದ್ದೇ ತಡ, ಸೇಂಟ್ ವೆಂಡೆಲಿನ್‌ನ ಹನ್ನೊಂದು ಮಂದಿಯೂ "ಅವನೇ! ಎಡಗಡೆ! ಎಡಗಡೆ!" ಅಂತ ಬೊಬ್ಬೆ ಹೊಡೆದರು. ಪ್ರೇಕ್ಷಕರಲ್ಲೂ ಅರ್ಧ ಜನ ನಕ್ಕುಬಿಟ್ಟರು. ಆಟ ನಡೆಸುವ ಹುಡುಗ ಟ್ರಾವಿಸ್ ಬೋಮನ್ ಚೆಂಡು ತೆಗೆದುಕೊಂಡು ತಿರುಗಿದ, ವೆಸ್ಲಿಯ ಹೊಟ್ಟೆಗೆ ಇಡಲು ಹೋದ. ಅಷ್ಟರಲ್ಲಿ ಅರ್ಧ ಡಜನ್ ಹುಡುಗರು ವೆಸ್ಲಿಯ ಮೇಲೆ ಎಗರಿದ್ದರು. ಟ್ರಾವಿಸ್ ಕೈ ಹಿಂದಕ್ಕೆ ಎಳೆದುಕೊಂಡ. ಬಲಗಡೆ ಒಬ್ಬ ನರಪಿಳ್ಳೆಯೂ ಇರಲಿಲ್ಲ.

"ಟ್ರಾವಿಸ್ ಬೋಮನ್! ಚೆಂಡು ಟ್ರಾವಿಸ್ ಕೈಲೇ ಇದೆ! ಗೆರೆ ದಾಟಿದ!" ಮಾರ್ಲೀನ್ ಕಿರುಚಿದಳು. ಕಿರುಚಿದ ಮೇಲೆ ಅವಳಿಗೆ ಆಗ್ನೆಸ್ ನೆನಪಾದಳು, ದನಿ ತಾನಾಗಿ ಇಳಿಯಿತು. ಅಲ್ಲಿ, ಎಡಗಡೆ, ಗುಂಪಿನ ಅಡಿಯಿಂದ ವೆಸ್ಲಿ ಬರಿಗೈಲಿ ಏಳುತ್ತಿದ್ದ. ಅವನು ಟ್ರಾವಿಸ್‌ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಕೆಳಗೆ ಕುಣಿಯುತ್ತಿದ್ದ ಕೋಚ್ ಇದ್ದಕ್ಕಿದ್ದಂತೆ ಕುಣಿತ ನಿಲ್ಲಿಸಿ, ಟೋಪಿ ತೆಗೆದು, ರೇಡಿಯೋ ಗೂಡಿನ ಕಡೆ ಕತ್ತೆತ್ತಿ ನೋಡಿದ.

ಸೇಂಟ್ ವೆಂಡೆಲಿನ್‌ನವರ ಕೊನೆಯ ಪ್ರಯತ್ನ ನೆಲಕ್ಕೆ ಬಿತ್ತು. ಚೆಂಡು ಡೋರ್ಸಿಗೆ ವಾಪಸಾಯಿತು, ಗಡಿಯಾರದಲ್ಲಿ ಉಳಿದದ್ದು ಚೂರು ಹೊತ್ತು. ಇಂಥ ಹೊತ್ತಲ್ಲಿ ಮುಂದಿರುವ ತಂಡದವರು ಚೆಂಡು ತೆಗೆದುಕೊಂಡು ಸುಮ್ಮನೆ ಒಂದು ಮಂಡಿ ಊರುತ್ತಾರೆ, ಗಡಿಯಾರ ತಾನೇ ಓಡಿ ಮುಗಿಯುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ಜನ ಕಾರಿನ ಬೀಗದ ಕೈ ಹುಡುಕುತ್ತಿರುತ್ತಾರೆ. ಮಾರ್ಲೀನ್ ಜಾಹೀರಾತು ಕೊಟ್ಟವರ ಹೆಸರು ಓದುವುದೂ ಆಗಲೇ.

"ಈ ಪ್ರಸಾರವನ್ನು ನಿಮಗೆ ತಂದುಕೊಟ್ಟವರು ಡೋರ್ಸಿ ಬೀಜದ ಅಂಗಡಿ, ಮತ್ತು ಮುಖ್ಯ ಬೀದಿಯ ಶವಸಂಸ್ಕಾರ ಗೃಹ, ನಿಮ್ಮ ಕಷ್ಟಕಾಲದಲ್ಲಿ ಸದಾ..."

ಅಷ್ಟಕ್ಕೇ ನಿಂತಿತು. ಟ್ರಾವಿಸ್ ಹೊರಗೆ ಹೋಗಿದ್ದ. ಅವನ ಜಾಗದಲ್ಲಿ, ಚೆಂಡಿಗೆ ಕೈಯೊಡ್ಡಿ, ಎಪ್ಪತ್ತನಾಲ್ಕು ನಿಂತಿತ್ತು.

ಚೆಂಡು ವೆಸ್ಲಿಯ ಕೈಗೆ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡ. ಮಂಡಿ ಊರಬೇಕು ಅನ್ನುವುದು ಅವನಿಗೆ ಮರೆತೇಹೋಯಿತು. ಸುಮ್ಮನೆ ನಿಂತುಬಿಟ್ಟ.

"ಚೆಂಡು ವೆಸ್ಲಿ ಕ್ರಾಲ್ ಕೈಲಿ," ಅಂದಳು ಮಾರ್ಲೀನ್.

"ಮಂಡಿ ಊರೋ!" ಕೋಚ್ ಮೈದಾನದ ಅಂಚಿನಿಂದ ಅರಚಿದ. "ಊರೋ ಬೇಗ, ಬೀಳಿಸ್ತಾರೆ!"

ಆದರೆ ಬೀಳಿಸಲು ಯಾರೂ ಬರಲಿಲ್ಲ. ಅವತ್ತಿಡೀ ವೆಸ್ಲಿಯ ಜೊತೆ ಎದೆಗೆ ಎದೆ ಕೊಟ್ಟು ಬಡಿದಾಡಿದ ಸೇಂಟ್ ವೆಂಡೆಲಿನ್‌ನ ದಢೂತಿ ಹುಡುಗ ಒಂದು ಹೆಜ್ಜೆ ಮುಂದಿಟ್ಟವನು ನಿಂತ. ಪಕ್ಕದವನ ಎದೆಗೆ ಕೈ ಅಡ್ಡ ಹಿಡಿದು ಅವನನ್ನೂ ನಿಲ್ಲಿಸಿದ. ಗುರುವಾರ ಅವರ ಮನೆಗಳಲ್ಲೂ ರೇಡಿಯೋ ಹಾಡಿತ್ತಲ್ಲ. ಈ ಚೆಂಡು ಯಾರಿಗಾಗಿ, ಕೇಳುತ್ತಾ ಕೂತಿರುವವರು ಯಾರು ಅಂತ ಅವರಲ್ಲಿ ಒಬ್ಬೊಬ್ಬನಿಗೂ ಗೊತ್ತಿತ್ತು.

ಕೋಚ್‌ಗೂ ಆಗ ಅರ್ಥವಾಯಿತು. ಅರಚುವುದನ್ನು ನಿಲ್ಲಿಸಿದ.

"ಚೆಂಡು ಇನ್ನೂ ವೆಸ್ಲಿ ಕ್ರಾಲ್ ಕೈಲೇ ಇದೆ," ಅಂದಳು ಮಾರ್ಲೀನ್. "ಯಾರೂ ಅವನ ಹತ್ರ ಬರ್ತಾ ಇಲ್ಲ. ವೆಸ್ಲಿ ಕ್ರಾಲ್ ನಿಂತಿದಾನೆ. ಗಡಿಯಾರ ಓಡ್ತಿದೆ. ಚೆಂಡು ವೆಸ್ಲಿ ಕ್ರಾಲ್ ಕೈಲಿ. ವೆಸ್ಲಿ ಕ್ರಾಲ್." ಅಪ್ಪನ ಪಾಠದಲ್ಲಿ ಎಷ್ಟು ಸಲ ಹೇಳಬೇಕು ಅನ್ನುವ ಲೆಕ್ಕವೇನೂ ಇರಲಿಲ್ಲ.

ಆಟ ಮುಗಿದ ಮೇಲೂ ವೆಸ್ಲಿ ಚೆಂಡನ್ನು ಯಾರಿಗೂ ಕೊಡಲಿಲ್ಲ. ಮಣ್ಣು ಮೆತ್ತಿದ ಬಟ್ಟೆಯಲ್ಲೇ, ಭುಜದ ಕವಚವನ್ನೂ ಬಿಚ್ಚದೆ, ಮೈದಾನ ದಾಟಿ ಬೀದಿಗಿಳಿದು ವೃದ್ಧರ ಮನೆಯ ಕಡೆ ನಡೆದ. ಗೂಡಿನಿಂದ ಅವನ ಬೆನ್ನು ಕಾಣುವಷ್ಟು ಹೊತ್ತೂ ಮಾರ್ಲೀನ್ ಪ್ರಸಾರ ಮುಗಿಸಲಿಲ್ಲ. ಶವಸಂಸ್ಕಾರ ಗೃಹದವರು ಆಮೇಲೆ ಬೇಜಾರು ಮಾಡಿಕೊಂಡರಂತೆ. ಮಾಡಿಕೊಳ್ಳಲಿ.

ಮುಂದಿನ ಗುರುವಾರ ಆಟವಿರಲಿಲ್ಲ, ಆದರೂ ಹೋಟೆಲು ಕಿಕ್ಕಿರಿದಿತ್ತು. ಕೋಚ್ ಆಗಲೇ ಬರುವ ವರ್ಷದ ತಂಡದ ಬಗ್ಗೆ ಶುರುಹಚ್ಚಿಕೊಂಡಿದ್ದ, ಇಂಥಾ ಹುಡುಗರು ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲವಂತೆ. ಮಾರ್ಲೀನ್ ಅವನ ಬೂಟಿಗೆ ಒಂದು ಒದೆ ಕೊಟ್ಟು, ಮೈಕಿನ ಗುಂಡಿ ಒತ್ತಿ, ಎದುರಿನ ಮೇಜಿನ ಕಡೆ ನೋಡಿದಳು. ಅಲ್ಲಿ ಆಗ್ನೆಸ್ ಸಾರಿನ ಬಟ್ಟಲನ್ನು ದೂರ ಸರಿಸಿ, ಮಣ್ಣಾದ ಚೆಂಡನ್ನು ಮಡಿಲಲ್ಲಿಟ್ಟುಕೊಂಡು, ಅದರ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು.

"ಎಲ್ಲರಿಗೂ ನಮಸ್ಕಾರ," ಅಂದಳು ಮಾರ್ಲೀನ್. "ಚೆಂಡು ಆಗ್ನೆಸ್ ಕ್ರಾಲ್ ಕೈಲಿದೆ."

ಆಗ್ನೆಸ್ ಕೈ ಚಾಚಿ ಮೈಕನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡಳು.

"ಕೇಳಿಸ್ತಾ, ಡೊರೊತಿ?"