ಕೋರಮಂಡಲ್‌ನಲ್ಲಿ ಇಳಿಯದ ವಕೀಲರು

ವಕೀಲ ಕೋದಂಡಪ್ಪನವರಿಗೆ ಗಡಿಪಾರಿನ ಆದೇಶ ತಂದುಕೊಟ್ಟವನು ಪೊಲೀಸ್ ದಫೇದಾರ್ ಸೀನಪ್ಪ. ಐವತ್ತೆಂಟನೇ ಇಸವಿಯ ಕೊನೆ. ಇಂದಿನಿಂದ ಒಂದು ವರ್ಷ ಚಿನ್ನದ ಗಣಿಯ ಈ ಕೆಳಗಿನ ನಲವತ್ತೊಂದು ಜಾಗಗಳೊಳಗೆ ಬರಕೂಡದು, ಬಂದರೆ ಜೈಲು ಎಂದು ಅದರಲ್ಲಿತ್ತು. ಮಾಡಿದ ಅಪರಾಧ ಇಷ್ಟೇ: ಒಬ್ಬ ಕಂಟ್ರಾಕ್ಟರನ ಕೂಲಿಗಳು ಒಂಬತ್ತು ದಿನ ಕೆಲಸ ನಿಲ್ಲಿಸಿ ಕೂತಾಗ ಇವರೂ ಕರಿ ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅವರ ನಡುವೆ ನೆಲದಲ್ಲಿ ಕೂತಿದ್ದರು. ಅದರಿಂದ ಶಾಂತಿಗೆ ಭಂಗ ಬಂತಂತೆ. ಕಂಟ್ರಾಕ್ಟರನ ಆಳುಗಳು ಬೀಸಿದ ದೊಣ್ಣೆಯಿಂದ ಮಾತ್ರ ಯಾವ ಭಂಗವೂ ಬರಲಿಲ್ಲ.

ಸೀನಪ್ಪ ಕೂಗಾಟಕ್ಕೆ ತಯಾರಾಗಿ ಬಂದಿದ್ದ. ಕೋದಂಡಪ್ಪನವರು ಅವನಿಗೊಂದು ಕಾಫಿ ತರಿಸಿ, ಆದೇಶವನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟರು. ಸಂಜೆಯ ಗಾಡಿಗೆ ಒಂದು ಟ್ರಂಕು, ಎರಡು ಮೂಟೆ ಕಾನೂನು ಪುಸ್ತಕ ಹಾಕಿಕೊಂಡು ಬಂಗಾರಪೇಟೆಗೆ ಬಂದು, ಸ್ಟೇಷನ್ ಎದುರು ಒಂದು ಕೋಣೆ ಹಿಡಿದರು. ಗಣಿಗೂ ಬಂಗಾರಪೇಟೆಗೂ ಎಷ್ಟು ಮಹಾ ದೂರ? ಆದರೂ ವನವಾಸ ವನವಾಸವೇ. ಅವರ ತಾಯಿ ಮುನಿಶಾಮಮ್ಮ, ಗಣಿಯ ಕಡೆಗೆ ಹೋಗುವಾಗ ಸಿಗುವ ಮೊದಲ ಸ್ಟೇಷನ್ನಾದ ಕೋರಮಂಡಲ್‌ನ ಕೂಲಿ ಲೈನಿನಲ್ಲಿ, ಸ್ಟೇಷನ್ನಿನ ಬೇಲಿ ದಾಟಿದರೆ ಸಿಗುವ ಮೂರನೇ ತಗಡಿನ ಮನೆಯಲ್ಲಿ ಉಳಿದಳು.

ಈ ತಾಯಿಯ ಕಥೆ ಹೇಳದೆ ಮಗನ ಕಥೆ ಹೇಳಲಾಗದು. ಇವರ ಮೂಲ ಕ್ಯಾಸಂಬಳ್ಳಿ ಕಡೆ. ತಂದೆ ದೊಡ್ಡವೆಂಕಟಪ್ಪ ಕೂಲಿಗೆಂದು ಗಣಿಗೆ ಬಂದವನು, ಈಗಿನ ಕಂಟ್ರಾಕ್ಟರನ ಅಪ್ಪನ ಕೈಕೆಳಗೆ ಕೆಲಸಕ್ಕಿದ್ದ. ಕೋದಂಡಪ್ಪನಿಗೆ ಎಂಟು ವರ್ಷವಾಗಿದ್ದಾಗ ಒಳಗೆ ಬಂಡೆ ಕುಸಿದು ಸತ್ತ. ಮೂರನೇ ದಿನ ಮೇಸ್ತ್ರಿ ಒಂದು ಕಾಗದ ತಂದು, ಒತ್ತಮ್ಮ, ನಿನಗೆ ಒಳ್ಳೇದಾಗುತ್ತೆ ಎಂದ. ಅಳುತ್ತಿದ್ದವಳು ಹೆಬ್ಬೆಟ್ಟು ಒತ್ತಿದಳು. ಗಂಡ ಸತ್ತದ್ದು ಅವನ ಸ್ವಂತ ತಪ್ಪಿನಿಂದ ಎಂದು ಅದರಲ್ಲಿ ಬರೆದಿತ್ತೆಂಬುದು ಗೊತ್ತಾದದ್ದು, ಪರಿಹಾರ ಕೇಳಲು ಹೋದಾಗ. ಆಮೇಲೆ ಯಾವ ಬಾಗಿಲು ಬಡಿದರೂ ಆ ಕಾಗದವೇ ಎದುರು ಬಂತು. ಆಕೆ ಸೊಪ್ಪು ಮಾರಿ ಮಗನನ್ನು ಓದಿಸಿದಳು. ಅವನು ವಕೀಲನಾಗಿ ಕರಿ ಕೋಟು ಹಾಕಿಕೊಂಡು ಬಂದ ದಿನ ಲೈನಿನವರೆಲ್ಲ ಕೋಟನ್ನು ಮುಟ್ಟಿ ಮುಟ್ಟಿ ನೋಡಿದರು. ಆಕೆ ಕೇಳಿದ್ದು ಒಂದೇ ಮಾತು, ಇನ್ನು ಮೇಲೆ ಕಾಗದ ನೀನೇ ಓದುತ್ತೀಯಲ್ಲ ಎಂದು.

ಗಡಿಪಾರಾದ ಎರಡು ತಿಂಗಳಿಗೆ, ನಲ್ಲಿ ರಸ್ತೆ ನೋಡಿಕೊಳ್ಳುವ ಊರಿನ ಬೋರ್ಡಿಗೆ ಚುನಾವಣೆ ಬಂತು. ಬೋರ್ಡು ಕೈಯಲ್ಲಿದ್ದ ಪಕ್ಷ ಆ ಕಂಟ್ರಾಕ್ಟರನನ್ನೇ ನಿಲ್ಲಿಸಿತು. ವಿರೋಧಿಗಳಿಗೆ ಅಭ್ಯರ್ಥಿ ಬೇಕಿತ್ತು. ಬಂಗಾರಪೇಟೆಗೆ ಬಂದು ಕೇಳಿದರು. ಊರೊಳಗೆ ಬರಲಾಗದವನು ಓಟು ಕೇಳುವುದು ಹೇಗೆ ಎಂದು ಅವರಿಗೇ ಅನುಮಾನ. ಕೋದಂಡಪ್ಪನವರು ನಕ್ಕು ಒಪ್ಪಿಕೊಂಡರು. ಅಷ್ಟರಲ್ಲಾಗಲೇ ಅವರು ಆ ನಲವತ್ತೊಂದು ಹೆಸರು ಬಾಯಿಪಾಠ ಮಾಡಿದ್ದರು. ಟೈಪು ಮಾಡಿದ ಪುಣ್ಯಾತ್ಮ ರಾಬರ್ಟ್‌ಸನ್‌ಪೇಟೆಯ ಸಂತೆಮಾಳವನ್ನೂ ಸ್ಮಶಾನವನ್ನೂ ಬಿಡದೆ ಸೇರಿಸಿ, ರೈಲ್ವೆಯನ್ನು ಮರೆತಿದ್ದ. ಹಳಿ, ಸ್ಟೇಷನ್ನುಗಳ ನೆಲ ರೈಲ್ವೆಯವರದು, ಗಣಿಯದೂ ಅಲ್ಲ, ಬೋರ್ಡಿನದೂ ಅಲ್ಲ. ಚಾಪೆ ಕೆಳಗೆ ತೂರುವವರಿಗೆ ರಂಗೋಲಿ ಕೆಳಗೆ ತೂರುವವನು ಸಿಕ್ಕಿದ್ದ.

ಮರುದಿನ ಬೆಳಿಗ್ಗೆ ಕೊನೆಯ ಸ್ಟೇಷನ್ನಾದ ಮಾರಿಕುಪ್ಪಂಗೆ ಹೋಗಿಬರುವ ಟಿಕೀಟು ತೆಗೆದು ಗಾಡಿ ಹತ್ತಿದರು; ನಡುವೆ ಇಳಿದರೆ ಟಿಕೀಟು ಮುಗಿದು ಗೇಟು ದಾಟಬೇಕಾಗುತ್ತದೆಂದು ಎಲ್ಲೂ ಇಳಿಯುತ್ತಿರಲಿಲ್ಲ. ಪೊಲೀಸರು ಮೇಲಕ್ಕೆ ಬರೆದರು, ಮೇಲಿನವರು ರೈಲ್ವೆಗೆ ಬರೆದರು, ರೈಲ್ವೆಯವರು ಪರಿಶೀಲಿಸುತ್ತೇವೆ ಎಂದು ಬರೆದರು. ಆ ಫೈಲು ತಿರುಗುತ್ತಿರಲಿ ಎಂದು, ಇವರು ಕೆಳಗಿಳಿಯದಂತೆ ನೋಡಿಕೊಳ್ಳಲು ಸೀನಪ್ಪನನ್ನು ಜೊತೆಗೆ ಹಾಕಿದರು. ದಿನಾ ಎದುರು ಬದುರು ಕೂತವರು ಎಷ್ಟು ದಿನ ಮುಖ ಗಂಟು ಹಾಕಿಕೊಂಡಾರು? ವಾರದೊಳಗೆ ಸೀನಪ್ಪ ತನ್ನ ಜಮೀನಿನ ತಕರಾರನ್ನು ಇವರ ಮುಂದೆ ಬಿಚ್ಚಿದ.

ಗಾಡಿ ಒಂದೊಂದು ಸ್ಟೇಷನ್ನಿನಲ್ಲಿ ಎರಡು ನಿಮಿಷ ನಿಲ್ಲುತ್ತಿತ್ತು. ಮೊದಲ ದಿನ ಕೋರಮಂಡಲ್‌ನಲ್ಲಿ ಕೋದಂಡಪ್ಪನವರು ಬಾಗಿಲಲ್ಲಿ ನಿಂತು ಕೋರ್ಟಿನ ಅಭ್ಯಾಸದಂತೆ ಪೀಠಿಕೆ ಹಾಕಿದರು. ಪೀಠಿಕೆ ಮುಗಿಯುವುದರೊಳಗೆ ಗಾಡಿಯ ಶಿಳ್ಳೆ ಆಯಿತು. ಮುಂದಿನದನ್ನು ಆಮೇಲಿನ ಸ್ಟೇಷನ್ ಊರಗಾಂನಲ್ಲಿ ಹೇಳಿದರು, ಕೊನೆಯದನ್ನು ಅದರಾಚೆಯ ಚಾಂಪಿಯನ್‌ನಲ್ಲಿ. ಸಂಜೆ ನೋಡಿದರೆ ಕೋರಮಂಡಲ್‌ನವರು ಊರಗಾಂಗೆ ಹೋಗಿ, ಆಮೇಲೆ ಏನಂದರು ಎಂದು ವಿಚಾರಿಸುತ್ತಿದ್ದಾರೆ! ಇದು ತಿಳಿದದ್ದೇ ತಡ, ಅವರು ಬೇಕೆಂದೇ ಹಾಗೆ ಮಾಡತೊಡಗಿದರು. ನಿಮ್ಮ ಲೈನಿನಲ್ಲಿ ಎಷ್ಟು ಮನೆಗೆ ಒಂದು ನಲ್ಲಿ ಎಂದು ಕೋರಮಂಡಲ್‌ನಲ್ಲಿ ಕೇಳುವುದು, ಕಂಟ್ರಾಕ್ಟರನ ತೋಟದಲ್ಲಿ ಎಷ್ಟು ನಲ್ಲಿ ಎಂದು ಊರಗಾಂನಲ್ಲಿ ಕೇಳುವುದು, ಯಾಕೆ ಹಾಗೆ ಎಂಬುದನ್ನು ಚಾಂಪಿಯನ್‌ನಲ್ಲಿ ಹೇಳುವುದು. ತಮಿಳಿನಲ್ಲಿ ಶುರು ಮಾಡಿ, ತೆಲುಗಿನಲ್ಲಿ ಸಿಟ್ಟಾಗಿ, ಕನ್ನಡದಲ್ಲಿ ಮುಗಿಸುತ್ತಿದ್ದರು. ಜನ ನಲ್ಲಿಯ ಹತ್ತಿರ, ಟೀ ಅಂಗಡಿಯಲ್ಲಿ ತುಂಡು ತುಂಡು ಕೂಡಿಸಿ ಜಗಳವಾಡಿಕೊಂಡು ಭಾಷಣ ಪೂರ್ತಿ ಮಾಡುತ್ತಿದ್ದರು. ಕಂಟ್ರಾಕ್ಟರ ಜೀಪಿಗೆ ಮೈಕು ಕಟ್ಟಿ ಎರಡೆರಡು ಗಂಟೆ ಮಾತಾಡಿದರೂ ಅದನ್ನು ಯಾರೂ ಮನೆಗೆ ಒಯ್ಯಲಿಲ್ಲ.

ಮುನಿಶಾಮಮ್ಮ ಭಾಷಣಕ್ಕೆ ಕಿವಿಗೊಡುತ್ತಿರಲಿಲ್ಲ. ದಿನಾ ಕೋರಮಂಡಲ್‌ನ ಪ್ಲಾಟ್‌ಫಾರಂಗೆ ಬಂದು ಬುತ್ತಿಯ ಗಂಟನ್ನು ಮಗನ ಕೈಗೆ ಕೊಟ್ಟು, ನೆರೆದ ಜನಕ್ಕೆ ಸೊಪ್ಪು ಮಾರುತ್ತಿದ್ದಳು. ಮತದಾನಕ್ಕೆ ಆರು ದಿನವಿದೆ ಎನ್ನುವಾಗ ಆಕೆ ಬರಲಿಲ್ಲ. ಮಾರನೇ ದಿನವೂ ಇಲ್ಲ. ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಬುತ್ತಿ ತಂದುಕೊಟ್ಟು, ಮೈ ಕೆಂಡವಾಗಿದೆ, ಏಳಲಾರಳು ಎಂದಳು. ಗಾಡಿಯ ಬಾಗಿಲಿಂದ ಮನೆಯ ತಗಡು ಕಾಣುತ್ತಿತ್ತು. ಕೋದಂಡಪ್ಪನವರು ಒಂದು ಕಾಲು ಕೆಳಗಿನ ಮೆಟ್ಟಿಲಿಗೆ ಇಟ್ಟುಬಿಟ್ಟರು. ಗೇಟಿನಾಚೆ ಪೊಲೀಸ್ ವ್ಯಾನು ನಿಂತಿತ್ತು.

“ಇಳೀಬ್ಯಾಡಿ ಸ್ವಾಮಿ,” ಎಂದ ಸೀನಪ್ಪ, ಮುಖ ಆ ಕಡೆ ತಿರುಗಿಸಿ. “ಗೇಟು ದಾಟಿದ್ರೆ ನಾನೇ ನಿಮ್ಮನ್ನ ಇಡೀಬೇಕಾಯ್ತದೆ.”

ಸುದ್ದಿ ಮುಟ್ಟಬೇಕಾದವರಿಗೆ ಬೇಗ ಮುಟ್ಟಿತು. ಆ ಮಧ್ಯಾಹ್ನವೇ ಒಬ್ಬ ಅಧಿಕಾರಿ ಬಂಗಾರಪೇಟೆಯ ಕೋಣೆಗೆ ಬಂದು ಒಂದು ಕಾಗದ ಮುಂದಿಟ್ಟ. ರುಜು ಹಾಕಿದರೆ ಗಡಿಪಾರು ಅಲ್ಲಿಗೇ ರದ್ದು, ನಾಳೆ ಗಾಡಿ ಇಳಿದು ತಾಯಿಯ ಹತ್ತಿರ ಹೋಗಬಹುದು ಎಂದ. ಕೋದಂಡಪ್ಪನವರು ಎದುರಾಳಿಯ ಯಾವ ಮಾತಿಗೂ ಅಲುಗಾಡಿದವರಲ್ಲ. ಅವತ್ತು ಅಲುಗಾಡಿದರು. ಊರ ನಲ್ಲಿಗೆ ಇನ್ನೊಬ್ಬ ವಕೀಲ ಸಿಕ್ಕಾನು, ನನಗೆ ಇನ್ನೊಬ್ಬ ತಾಯಿ ಸಿಕ್ಕಾಳೆಯೇ ಎಂದುಕೊಂಡರು. ಮಾರನೇ ಬೆಳಿಗ್ಗೆ ಪೆನ್ನಿಗೆ ಮಸಿ ತುಂಬಿ, ಕಾಗದ ಜೇಬಿಗಿಟ್ಟುಕೊಂಡು ಗಾಡಿ ಹತ್ತಿದರು. ಕೋರಮಂಡಲ್ ಬಂದ ಕೂಡಲೇ ರುಜು ಹಾಕಿ ಇಳಿದುಬಿಡುವುದೆಂದು ತೀರ್ಮಾನಿಸಿದ್ದರು.

ಕೋರಮಂಡಲ್‌ನಲ್ಲಿ ನಾಲ್ಕು ಜನ ಹೆಂಗಸರು ಒಂದು ಮಂಚ ಹೊತ್ತು ತಂದಿದ್ದರು. ಅದರ ಮೇಲೆ ಕಂಬಳಿ ಹೊದ್ದು ಮುನಿಶಾಮಮ್ಮ. ಮಗನ ಕೈಯಲ್ಲಿದ್ದ ಕಾಗದ ನೋಡಿ, ಅದೇನೆಂದು ಕೇಳಿದಳು. ಇದಕ್ಕೆ ರುಜು ಹಾಕಿದರೆ ಈಗಲೇ ಮನೆಗೆ ಬರುತ್ತೇನವ್ವ ಎಂದರು ಕೋದಂಡಪ್ಪನವರು. ಓದು ಎಂದಳು. ಅಷ್ಟೂ ಜನರ ಮುಂದೆ ಅವರು ಓದಿದರು: ನಡೆದ ಗಲಭೆಯೆಲ್ಲ ನನ್ನ ಸ್ವಂತ ತಪ್ಪಿನಿಂದ ಆದದ್ದು, ಅದಕ್ಕಾಗಿ ಕ್ಷಮೆ ಕೋರಿ ಚುನಾವಣೆಯಿಂದ ಹಿಂದೆ ಸರಿದಿದ್ದೇನೆ.

ಆಕೆ ಕಷ್ಟಪಟ್ಟು ಮೊಣಕೈ ಊರಿ ಎದ್ದು ಕೂತಳು.

“ಅವತ್ತು ನಾನು ಓದಾಕೆ ಬರ್ದೆ ಎಬ್ಬೆಟ್ಟು ಒತ್ತಿದೆ ಕಣ್ಲಾ. ನೀನು ಓದ್ಕಂಡು ಒತ್ತೀಯಾ?”

ಶಿಳ್ಳೆ ಆಯಿತು. ಕೋದಂಡಪ್ಪನವರು ಪೆನ್ನಿನ ಮುಚ್ಚಳ ಹಾಕಿದರು. ಅಳು ಬಂತು, ಅತ್ತರು, ಮುಚ್ಚಿಡಲಿಲ್ಲ. ಊರಗಾಂನಲ್ಲಿ ಕಾಯುತ್ತಿದ್ದವರಿಗೆ, ಇವತ್ತಿನ ಭಾಷಣ ಕೋರಮಂಡಲ್‌ನಲ್ಲೇ ಮುಗಿಯಿತು ಎಂದಷ್ಟೇ ಹೇಳಿದರು. ಊರಗಾಂನವರು, ಚಾಂಪಿಯನ್‌ನವರು ಸಾಲುಗಟ್ಟಿ ಕೋರಮಂಡಲ್‌ಗೆ ನಡೆದುಹೋಗಿ ಮುನಿಶಾಮಮ್ಮನ ಆ ಮಾತನ್ನು ಕೇಳಿ ತಿಳಿದುಕೊಂಡು ಬಂದರು. ರುಜುವಿಲ್ಲದ ಕಾಗದ ಸೀನಪ್ಪನ ಕೈಯಲ್ಲೇ ಕಚೇರಿಗೆ ವಾಪಸು ಹೋಯಿತು.

ಅವರು ಗೆದ್ದರು, ಸುಮಾರಾಗಿ ಅಲ್ಲ, ದಂಡಿಯಾಗಿ. ಆದರೆ ಬೋರ್ಡಿನ ಕಟ್ಟಡವೂ ಆ ಪಟ್ಟಿಯಲ್ಲಿತ್ತು ನೋಡಿ. ಗೆದ್ದ ಮೆಂಬರು ಗಡಿಪಾರು ಮುಗಿಯುವವರೆಗೆ ಗಾಡಿಯ ಬಾಗಿಲಲ್ಲೇ ಜನರ ಅರ್ಜಿ ತೆಗೆದುಕೊಂಡರು. ಮುಂದೆ ಅರವತ್ತೇಳರವರೆಗೂ ವಿರೋಧದ ಬೆಂಚಿನಲ್ಲೇ ಕೂತರು. ಯಾವ ಕಾಗದ ಮುಂದಿಟ್ಟರೂ ಮೊದಲಿಂದ ಓದಿ ಎನ್ನುತ್ತಿದ್ದುದರಿಂದ ಇವರಿದ್ದ ಸಭೆ ಊಟದ ಹೊತ್ತಿಗೆ ಮುಗಿದದ್ದೇ ಇಲ್ಲವೆಂದು ಎದುರು ಪಕ್ಷದವರು ಗೊಣಗುತ್ತಿದ್ದರು.

ವರ್ಷ ತುಂಬಿದ ಬೆಳಿಗ್ಗೆ ಅವರು ಮೊದಲ ಸಲ ಕೋರಮಂಡಲ್‌ನಲ್ಲಿ ಇಳಿದರು. ಜ್ವರದಿಂದ ಎಂದೋ ಎದ್ದಿದ್ದ ಮುನಿಶಾಮಮ್ಮ ಸೊಪ್ಪಿನ ಬುಟ್ಟಿ ಸಮೇತ ಹಾಜರಿದ್ದಳು. ಸೀನಪ್ಪ ಒಂದು ಕಾಗದ ತೆಗೆದು, ಆದೇಶದ ಅವಧಿ ಮುಗಿದದ್ದಕ್ಕೆ ಒಂದು ರುಜು ಬೇಕು ಸ್ವಾಮಿ ಎಂದ. ಕೋದಂಡಪ್ಪನವರು ನಗುತ್ತಾ ಪೆನ್ನು ತೆಗೆದರು.

“ತಡೀಲಾ,” ಎಂದಳು ಮುನಿಶಾಮಮ್ಮ. “ಸೀನಪ್ಪ, ಮೊದ್ಲು ಓದು.”

ಸೀನಪ್ಪ ಪ್ಲಾಟ್‌ಫಾರಂ ಮೇಲೆ ನೆಟ್ಟಗೆ ನಿಂತು, ರಾಬರ್ಟ್‌ಸನ್‌ಪೇಟೆಯಿಂದ ಸ್ಮಶಾನದವರೆಗೆ ನಲವತ್ತೊಂದು ಹೆಸರನ್ನೂ ಓದಿದ. ಆಕೆ ಬುಟ್ಟಿ ಕೆಳಗಿಟ್ಟು ಒಂದೊಂದಕ್ಕೂ ತಲೆಯಾಡಿಸಿದಳು. ಪಟ್ಟಿ ಮುಗಿಯುವುದರೊಳಗೆ ಗಾಡಿ ಹೊರಟುಹೋಗಿತ್ತು.

“ಊಂ,” ಎಂದಳು. “ಈಗ ಆಕು.”